ಹಳೇ ಔಟ್‌ಬೋರ್ಡ್ ಮೋಟಾರಿಗೆ ಬಿಡಿಭಾಗ ಸಿಗುವುದೇ ಇಲ್ಲವೇ?

ಓಲೆ ಎವಿನ್‌ರೂಡ್ 1909ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಮಾರಾಟಕ್ಕಿಳಿಸಿದ್ದು ದೋಣಿಯ ಹಿಂಬದಿಗೆ ಸಿಕ್ಕಿಸುವ ಪುಟ್ಟ ಎಂಜಿನ್, ಅಂದರೆ ಔಟ್‌ಬೋರ್ಡ್ ಮೋಟಾರ್. ನಮ್ಮ ಕರಾವಳಿಯ ಗಂಗೊಳ್ಳಿಯ ನಾಡದೋಣಿಗಳೂ ಇಂದು ಅದೇ ಬಗೆಯ ಎಂಜಿನ್ ನಂಬಿ ಕಡಲಿಗೆ ಇಳಿಯುತ್ತವೆ. ಅಮೆರಿಕದಲ್ಲಿ ಎವಿನ್‌ರೂಡ್ ಮತ್ತು ಜಾನ್ಸನ್ ಹೆಸರಿನ ಹಳೆಯ ಎಂಜಿನ್‌ಗಳಿಗೆ ಮರುಜೀವ ಕೊಡುವವರು ಬಹಳ ಮಂದಿ. ಆದರೂ ರಿಪೇರಿಯಾಗಬಲ್ಲ ಎಷ್ಟೋ ಎಂಜಿನ್‌ಗಳು ಬಿಡಿಭಾಗ ಸಿಗದೆಂಬ ನಂಬಿಕೆಯಿಂದಲೇ ಗುಜರಿ ಸೇರುತ್ತವೆ.

ತಪ್ಪು ಕಲ್ಪನೆ: ಕಂಪನಿಯೇ ಮುಚ್ಚಿತು, ಇನ್ನು ಪಾರ್ಟ್ ಎಲ್ಲಿ?

ವಾಸ್ತವ: ಎವಿನ್‌ರೂಡ್, ಜಾನ್ಸನ್ ಎರಡನ್ನೂ ತಯಾರಿಸುತ್ತಿದ್ದ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ 2000ದ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಬಳಿಕ ಬೇರೆ ಕಂಪನಿಯ ಕೈಗೆ ಹೋದ ಎವಿನ್‌ರೂಡ್ ಹೆಸರಿನ ಎಂಜಿನ್ ತಯಾರಿಕೆಯೂ 2020ರಲ್ಲಿ ನಿಂತಿತು. ಆದರೆ 1950ರ ದಶಕದಲ್ಲಿ ಔಟ್‌ಬೋರ್ಡ್ ಮರೀನ್ ಕಂಪನಿಯು ಕಿಡಿ ಹುಟ್ಟಿಸುವ ಒಂದೇ ಮಾದರಿಯ ಮ್ಯಾಗ್ನೆಟೊವನ್ನು ಹಲವು ಅಶ್ವಶಕ್ತಿಯ ಎಂಜಿನ್‌ಗಳಿಗೆ ವರ್ಷಗಟ್ಟಲೆ ಜೋಡಿಸಿತು. ಹಾಗಾಗಿ ಅದರ ಕಾಯಿಲ್, ಪಾಯಿಂಟ್, ಕಂಡೆನ್ಸರ್‌ಗಳನ್ನು ಬೇರೆ ಕಂಪನಿಗಳು ಇಂದಿಗೂ ಹೊಸದಾಗಿ ತಯಾರಿಸುತ್ತವೆ. ಆ ಕಾಲದ ಕಾಯಿಲ್‌ಗಳ ಹೊದಿಕೆ ಬಿರುಕು ಬಿಡುವುದು ಎಲ್ಲರಿಗೂ ಗೊತ್ತಿರುವ ರೋಗ. ಕಿಡಿ ಬರಲಿಲ್ಲವೆಂದು ಎಂಜಿನ್ ಎಸೆಯುವ ಮುನ್ನ ಫ್ಲೈವೀಲ್ ಬಿಚ್ಚಿ ಅದರಡಿಯ ಕಾಯಿಲ್ ನೋಡಬೇಕು. 1920ರ ದಶಕದ ಎಂಜಿನ್ ಆದರೆ ಕಷ್ಟ ನಿಜವಾದದ್ದೇ. ಅಲ್ಲಿ ಬಿಡಿಭಾಗಕ್ಕೆಂದೇ ಅದೇ ಮಾದರಿಯ ಇನ್ನೊಂದು ಕೆಟ್ಟ ಎಂಜಿನ್ ಕೊಳ್ಳುವುದು, ಇಲ್ಲವೇ ಆಂಟಿಕ್ ಔಟ್‌ಬೋರ್ಡ್ ಮೋಟಾರ್ ಕ್ಲಬ್ಬಿನ ಸದಸ್ಯರನ್ನು ವಿಚಾರಿಸುವುದು ಒಳ್ಳೆಯ ದಾರಿ.

ತಪ್ಪು ಕಲ್ಪನೆ: ಮುಚ್ಚಳದ ಮೇಲಿನ ಹೆಸರು, ಅಶ್ವಶಕ್ತಿ ಹೇಳಿದರೆ ಸಾಕು.

ವಾಸ್ತವ: ಸಾಲದು. ಜಾನ್ಸನ್, ಎವಿನ್‌ರೂಡ್ 1930ರ ದಶಕದ ನಡುವಿನಿಂದಲೇ ಒಂದೇ ಒಡೆತನದಲ್ಲಿದ್ದವು. ಜಾನ್ಸನ್ನಿನ 5.5 ಅಶ್ವಶಕ್ತಿಯ ಸಿಡಿ ಸರಣಿ ಮತ್ತು ಎವಿನ್‌ರೂಡ್ ‘ಫಿಶರ್‌ಮನ್’ ಒಳಗೆ ಬಹುಪಾಲು ಒಂದೇ. ಇನ್ನೊಂದು ಕಡೆ, ಅದೇ ಹೆಸರಿನ ಎಂಜಿನ್ನಿನಲ್ಲೂ ವರ್ಷದಿಂದ ವರ್ಷಕ್ಕೆ ಭಾಗಗಳು ಬದಲಾಗಿರುತ್ತವೆ. ಎಂಜಿನ್ನಿಗೆ ಅಂಟಿಸಿದ ತಗಡಿನ ಮೇಲಿರುವ ಮಾಡೆಲ್ ನಂಬರ್ ಬರೆದುಕೊಂಡೇ ಹುಡುಕಾಟ ಶುರುವಾಗಬೇಕು. ತಗಡಿಗೆ ಪೇಂಟ್ ಮೆತ್ತಿದ್ದರೆ ಮೆಲ್ಲಗೆ ಕೆರೆದು ಓದಿ. ಮರಳುಕಾಗದ ಹಾಕಿದರೆ ಅಕ್ಷರವೂ ಹೋದೀತು.

ತಪ್ಪು ಕಲ್ಪನೆ: ಹಳೇ ಟ್ಯಾಂಕ್ ತೂತಾಗಿದ್ದರೆ ಹೊಸದೊಂದನ್ನು ಜೋಡಿಸಿದರಾಯಿತು.

ವಾಸ್ತವ: 1950ರ ದಶಕದ ಅನೇಕ ಎಂಜಿನ್‌ಗಳಲ್ಲಿ ಪೆಟ್ರೋಲ್ ಪಂಪೇ ಇಲ್ಲ. ಒಂದು ಕೊಳವೆಯಲ್ಲಿ ಕ್ರ್ಯಾಂಕ್‌ಕೇಸಿನ ಗಾಳಿ ಟ್ಯಾಂಕಿಗೆ ಹೋಗಿ ಒತ್ತಡ ಹಾಕುತ್ತದೆ, ಇನ್ನೊಂದರಲ್ಲಿ ಪೆಟ್ರೋಲ್ ಮೇಲೇರುತ್ತದೆ. ಒಂದೇ ಕೊಳವೆಯ ಹೊಸ ಟ್ಯಾಂಕ್ ಬೇಕೆಂದರೆ ಎಂಜಿನ್ನಿಗೆ ಪಂಪ್ ಸೇರಿಸಬೇಕಾಗುತ್ತದೆ.

ತಪ್ಪು ಕಲ್ಪನೆ: ಪ್ರೊಪೆಲ್ಲರ್ ಪಿನ್ ಪದೇ ಪದೇ ಮುರಿದರೆ ಗಟ್ಟಿ ಉಕ್ಕಿನದು ಹಾಕಬೇಕು.

ವಾಸ್ತವ: ಅದು ಇರುವುದೇ ಮುರಿಯಲಿಕ್ಕೆ. ಪ್ರೊಪೆಲ್ಲರ್ ಬಂಡೆಗೆ ಬಡಿದಾಗ ಪಿನ್ ಮುರಿಯದಿದ್ದರೆ ಗೇರ್ ಮುರಿಯುತ್ತದೆ, ಗೇರ್ ಹುಡುಕುವುದು ಪಿನ್ ಹುಡುಕಿದಷ್ಟು ಸುಲಭವಲ್ಲ.

ತಪ್ಪು ಕಲ್ಪನೆ: ಅಸಲಿ ಪಾರ್ಟ್ ಹಾಕದಿದ್ದರೆ ಅದು ದುರಸ್ತಿಯೇ ಅಲ್ಲ.

ವಾಸ್ತವ: ಪೆಟ್ಟಿಗೆಯಲ್ಲೇ ಉಳಿದ ಹಳೇ ರಬ್ಬರ್ ಇಂಪೆಲ್ಲರ್ ಗಟ್ಟಿಯಾಗಿರುತ್ತದೆ, ತಂಪಿನ ನೀರನ್ನು ಮೇಲೆತ್ತದೆ ಎಂಜಿನ್ನನ್ನು ಸುಡುತ್ತದೆ. ಅಂಥದ್ದಕ್ಕೆ ದುಬಾರಿ ಬೆಲೆ ತೆರಬೇಡಿ. ಕಾರ್ಬ್ಯುರೇಟರಿನ ಕಾರ್ಕ್ ಫ್ಲೋಟಿಗೆ ಬಳಿದ ಹಳೇ ವಾರ್ನಿಷ್ ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಕರಗುತ್ತದೆ. ಎಥನಾಲ್ ತಡೆಯುವ ಲೇಪ ಬಳಿಯಬೇಕು. ಗ್ಯಾಸ್ಕೆಟ್ಟನ್ನು ಹಾಳೆಯಿಂದ ಕತ್ತರಿಸಿಕೊಳ್ಳಬಹುದು. ಬೇರಿಂಗ್, ಆಯಿಲ್ ಸೀಲ್ ಅನೇಕ ಸಲ ಅಳತೆ ಹೇಳಿದರೆ ಸಾಮಾನ್ಯ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತವೆ.