ನಡುದಾರಿಯಲ್ಲೇ ಇಳಿದು ಹೋದ ಯಮಹಾ ಸವಾರ

ಕೆಲಸ ಬಿಡೋದು ಮಹಾ ಅಪರಾಧವೇನಲ್ಲ. ಯಜಮಾನನಿಗೂ ಆಳಿಗೂ ಸರಿಬರಲಿಲ್ಲ ಅಂದರೆ ಲೆಕ್ಕ ಚುಕ್ತಾ ಮಾಡಿಕೊಂಡು, ಟವೆಲ್ ಕೊಡವಿಕೊಂಡು ಹೊರಡೋದು ಪೇಟೆಯಲ್ಲಿ ನಡೆದುಬಂದ ರೂಢಿ. ಆದರೆ ದೀಪಾವಳಿ ವ್ಯಾಪಾರದ ಭರಾಟೆಯಲ್ಲಿ, ಗಿರಾಕಿಗಳು ಬಾಗಿಲಲ್ಲಿ ನಿಂತಿರುವಾಗ, ಆಳು ತಕ್ಕಡಿಯನ್ನೇ ನೆಲಕ್ಕೆ ಕುಕ್ಕಿದರೆ?

2021ರ ಆಗಸ್ಟ್ ತಿಂಗಳಲ್ಲಿ ಆಸ್ಟ್ರಿಯಾ ದೇಶದಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. ತಕ್ಕಡಿಯ ಜಾಗದಲ್ಲಿದ್ದದ್ದು ಯಮಹಾ ಕಂಪನಿಯ 1000 ಸಿಸಿ ರೇಸ್ ಬೈಕು. ಆಳಿನ ಜಾಗದಲ್ಲಿದ್ದವನು ಸ್ಪೇನ್ ದೇಶದ ಮಾವೆರಿಕ್ ವಿನ್ಯಾಲೆಸ್. ವಯಸ್ಸು 26.

ಯಮಹಾ ಅಂದರೆ ನಮ್ಮೂರಲ್ಲಿ ಪರಿಚಯ ಹೇಳಬೇಕಾಗಿಲ್ಲ. 1985ರಿಂದ 1996ರ ತನಕ ತಯಾರಾದ ಆರ್‌ಎಕ್ಸ್ 100 ಬೈಕಿನ ಸದ್ದನ್ನು ಕಣ್ಣು ಮುಚ್ಚಿಕೊಂಡು ಗುರುತು ಹಿಡಿಯುವವರು ಇವತ್ತಿಗೂ ಪ್ರತಿ ಬಸ್‌ಸ್ಟ್ಯಾಂಡ್ ಮುಂದೆ ನಾಲ್ಕು ಮಂದಿ ಸಿಗ್ತಾರೆ. ಅದೇ ಕಂಪನಿ ಜಗತ್ತಿನ ಅತಿ ದೊಡ್ಡ ಬೈಕ್ ರೇಸ್ ಆದ ಮೋಟೋಜಿಪಿಯಲ್ಲಿ ಓಡಿಸುವ ಯಂತ್ರದ ಹೆಸರು ಎಂ1. ಅದು ಅಂಗಡಿಯಲ್ಲಿ ಸಿಗುವ ಮಾಲಲ್ಲ. ಅದರ ಇಂಜಿನ್ನುಗಳಿಗೆ ಸೀಲ್ ಹಾಕಿರುತ್ತಾರೆ. ಒಬ್ಬ ಸವಾರನಿಗೆ ವರ್ಷಕ್ಕೆ ಇಂತಿಷ್ಟೇ ಎಂಬ ರೇಷನ್ ಉಂಟು. ಮುಗಿದರೆ ಮುಗೀತು, ಹೊಸದು ಹಾಕಿದರೆ ದಂಡ. ಆದ್ದರಿಂದ ಪ್ರತಿ ಇಂಜಿನ್ನನ್ನೂ ಹೆತ್ತ ಮಗುವಿನಂತೆ ನೋಡಿಕೊಳ್ಳೋದು ಅಲ್ಲಿನ ಪದ್ಧತಿ. ಮುಂದಿನ ಕತೆಗೆ ಇದು ಮುಖ್ಯ, ನೆನಪಿರಲಿ.

ಗೆದ್ದವನು ಕಡೆಯವನಾದದ್ದು

ವಿನ್ಯಾಲೆಸ್ ಹುಟ್ಟಿದ್ದು 1995ರ ಜನವರಿಯಲ್ಲಿ, ಫಿಗೇರಸ್ ಎಂಬ ಊರಲ್ಲಿ. ತಂದೆ 'ಟಾಪ್ ಗನ್' ಸಿನಿಮಾ ನೋಡಿ ಮೆಚ್ಚಿ, ಅದರ ನಾಯಕನ ಹೆಸರನ್ನೇ ಮಗನಿಗಿಟ್ಟ. ಆ ಸಿನಿಮಾದ ಮಾವೆರಿಕ್ ಮೇಲಿನವರ ಮಾತು ಕೇಳದ ವಿಮಾನ ಚಾಲಕ. ಹೆಸರಿಡುವಾಗ ಸ್ವಲ್ಪ ಯೋಚನೆ ಮಾಡಬೇಕಿತ್ತೇನೋ!

ಹುಡುಗನ ಪ್ರತಿಭೆಯ ಬಗ್ಗೆ ಯಾರೂ ತಕರಾರು ಎತ್ತಿದ್ದಿಲ್ಲ. 2016ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಗೆದ್ದು, 2007ರಿಂದ ಗೆಲುವನ್ನೇ ಕಾಣದಿದ್ದ ಸುಜುಕಿಯ ಮಾನ ಉಳಿಸಿದ. ಮರುವರ್ಷ ಯಮಹಾ ಕೈಬೀಸಿ ಕರೆಯಿತು. ಮೂರು ಬಾರಿ ಮೋಟೋಜಿಪಿ ಚಾಂಪಿಯನ್ ಆಗಿದ್ದ ಲೊರೆಂಜೊ ಬಿಟ್ಟುಹೋದ ಕುರ್ಚಿ, ಪಕ್ಕದಲ್ಲಿ ವ್ಯಾಲೆಂಟಿನೊ ರೋಸ್ಸಿಯಂಥ ದಿಗ್ಗಜ. ಮೊದಲ 5 ರೇಸ್‌ಗಳಲ್ಲಿ 3 ಗೆದ್ದುಬಿಟ್ಟ. ಇನ್ನು ಇವನನ್ನು ಹಿಡಿಯೋರಿಲ್ಲ ಅಂದುಕೊಂಡರು ಎಲ್ಲರೂ.

ಹಿಡಿದದ್ದು ಬೇರೆಯವರಲ್ಲ, ಅವನ ಬೈಕೇ. ಒಂದು ವಾರ ಗಾಳಿಗಿಂತ ಮುಂದೆ ಓಡೋದು, ಮರುವಾರ ಎತ್ತಿನ ಗಾಡಿಯಂತೆ ಹಿಂದೆ ಬೀಳೋದು. ಯಾಕೆ ಅಂತ ಇಂಜಿನಿಯರುಗಳಿಗೂ ಸರಿಯಾಗಿ ಹೇಳಲಾಗಲಿಲ್ಲ, ಅವನಿಗೂ ಅರ್ಥವಾಗಲಿಲ್ಲ. ಮುಖ್ಯ ಮೆಕ್ಯಾನಿಕ್ಕನ್ನು ಬದಲಾಯಿಸಿದರು. ಫೊರ್ಕಾಡ ಹೋಗಿ ಎಸ್ಟೆಬಾನ್ ಗಾರ್ಸಿಯಾ ಬಂದ. 2021ರ ಜೂನ್‌ನಲ್ಲಿ, ಸೀಸನ್ ನಡೆಯುತ್ತಿರುವಾಗಲೇ, ಗಾರ್ಸಿಯಾ ಹೋಗಿ ಗಾಲ್ಬುಸೆರಾ ಬಂದ. ಈ ಗಾರ್ಸಿಯಾ 2013ರಲ್ಲಿ ವಿನ್ಯಾಲೆಸ್‌ನನ್ನು ಮೋಟೋ3 ಚಾಂಪಿಯನ್ ಮಾಡಿದ ಮನುಷ್ಯ. ಅಂಥವನನ್ನೂ ಕಳಿಸಿದ ಮೇಲೆ ಆ ಗ್ಯಾರೇಜಿನಲ್ಲಿ ಉಳಿದ ವಿಶ್ವಾಸ ಎಷ್ಟಿದ್ದೀತು?

ಇದರ ಮೇಲೆ ಇನ್ನೊಂದು ಉರಿ. 2021ಕ್ಕೆ ರೋಸ್ಸಿಯ ಜಾಗಕ್ಕೆ ಬಂದ ಫ್ರಾನ್ಸಿನ ಫ್ಯಾಬಿಯೊ ಕ್ವಾರ್ಟರಾರೊ, ಅದೇ ಎಂ1 ಬೈಕಿನಲ್ಲಿ, ಪಕ್ಕದ ಗ್ಯಾರೇಜಿನಲ್ಲೇ ಕೂತು ರೇಸ್ ಮೇಲೆ ರೇಸ್ ಗೆಲ್ಲತೊಡಗಿದ. 'ಬೈಕು ಸರಿಯಿಲ್ಲ' ಎಂದರೆ ಕೇಳೋರು ಯಾರು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗ್ತಾರೆ. ಹಾಗೆಂದು ಅವನ ದೂರೆಲ್ಲ ಸುಳ್ಳೆಂದೂ ಹೇಳಲಾಗದು. ಅಂಗಡಿ ಒಂದೇ ಆದರೂ ಒಬ್ಬ ಆಳಿಗೆ ಒಗ್ಗಿದ ಗಲ್ಲಾಪೆಟ್ಟಿಗೆ ಇನ್ನೊಬ್ಬನಿಗೆ ಒಗ್ಗಬೇಕೆಂದೇನಿಲ್ಲ.

ಆ ವರ್ಷ ಒಟ್ಟು 18 ರೇಸು. ಮಾರ್ಚ್ 28ರಂದು ಕತಾರ್‌ನಲ್ಲಿ ನಡೆದ ಮೊದಲನೆಯದನ್ನು ಗೆದ್ದವನು ವಿನ್ಯಾಲೆಸನೇ. ಜೂನ್ 20ರಂದು ಜರ್ಮನಿಯ ಸಾಕ್ಸನ್‌ರಿಂಗ್‌ನಲ್ಲಿ ಗುರಿ ಮುಟ್ಟಿದವರು 19 ಮಂದಿ, ಇವನು 19ನೆಯವನು! ಒಂದು ವಾರ ಕಳೆಯಿತು. ಹಾಲೆಂಡಿನ ಆಸೆನ್‌ನಲ್ಲಿ ಎಲ್ಲರಿಗಿಂತ ಮುಂದೆ ನಿಂತು ಹೊರಟು ಎರಡನೆಯವನಾಗಿ ಬಂದ. ಗೆದ್ದದ್ದು ಕ್ವಾರ್ಟರಾರೊ. ಮರುದಿನವೇ, ಜೂನ್ 28ರ ಸೋಮವಾರ, ಯಮಹಾ ಪ್ರಕಟಣೆ ಹೊರಬಿತ್ತು: 2022ರ ಕೊನೆತನಕ ಇದ್ದ ಕರಾರನ್ನು ಸವಾರನ ಕೋರಿಕೆಯಂತೆ ಒಂದು ವರ್ಷ ಮೊದಲೇ ಮುಗಿಸಲಾಗುವುದು.

ಅಲ್ಲಿಗೆ ನಿಂತಿದ್ದರೆ ಸುದ್ದಿಯೇ ಇರ್ತಿರಲಿಲ್ಲ. ಐದು ವರ್ಷದಲ್ಲಿ 8 ಗೆಲುವು ಕೊಟ್ಟ ಸವಾರ, ನವೆಂಬರ್ ತನಕ ಓಡಿಸಿ, ಕೈ ಕುಲುಕಿ ಹೋಗೋದಿತ್ತು.

ಇಂಜಿನ್ ಬಾಯಿ ಬಿಟ್ಟಿತು

ಆಗಸ್ಟ್ 8. ಆಸ್ಟ್ರಿಯಾದ ರೆಡ್ ಬುಲ್ ರಿಂಗ್. ಈ ಟ್ರ್ಯಾಕಿಗೂ ವಿನ್ಯಾಲೆಸ್‌ಗೂ ಹಳೆಯ ಋಣವಿತ್ತು. ಹಿಂದಿನ ವರ್ಷ, 2020ರ ಆಗಸ್ಟ್ 23ರಂದು, ಇಲ್ಲೇ ಅವನ ಯಮಹಾ ಬೈಕಿನ ಬ್ರೇಕ್ ಕೈಕೊಟ್ಟಿತ್ತು. ಮೊದಲ ತಿರುವು ಎದುರಿಗೆ ಬರ್ತಿದೆ, ವೇಗ ಗಂಟೆಗೆ 200 ಕಿಲೋಮೀಟರಿಗೂ ಮೇಲೆ, ಬ್ರೇಕ್ ಇಲ್ಲ. ಪುಣ್ಯಾತ್ಮ ಬೈಕಿನಿಂದ ಹಿಂದಕ್ಕೆ ಹಾರಿಬಿಟ್ಟ. ಬೈಕು ಹೋಗಿ ತಡೆಗೋಡೆಗೆ ಬಡಿದು ಹೊತ್ತಿ ಉರಿಯಿತು. ಇವನು ಮೈ ಕೊಡವಿಕೊಂಡು ಎದ್ದು ನಿಂತ. ಇಂಥದ್ದೊಂದು ಕ್ಷಣ ಕಂಡವನಿಗೆ ಯಂತ್ರದ ಮೇಲೆ ನಂಬಿಕೆ ಕಡಿಮೆಯಾದರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು.

2021ರ ಆ ಭಾನುವಾರವೂ ಬೆಂಕಿಯಿಂದಲೇ ಶುರು. ಪೆಡ್ರೋಸಾ ಬಿದ್ದ, ಅವನ ಬೈಕಿಗೆ ಸವಡೋರಿ ಬಂದು ಗುದ್ದಿದ, ರಸ್ತೆಯ ಮೇಲೆ ಜ್ವಾಲೆ ಎದ್ದಿತು. ಕೆಂಪು ಬಾವುಟ ತೋರಿಸಿ ರೇಸ್ ನಿಲ್ಲಿಸಿದರು. ಎರಡನೇ ಸಲ ಹೊರಡುವಾಗ ವಿನ್ಯಾಲೆಸ್‌ನ ಬೈಕು ಆಫ್! ಎಲ್ಲರೂ ಹೋದ ಮೇಲೆ ಗ್ಯಾರೇಜ್ ಪಕ್ಕದ ಓಣಿಯಿಂದ ಹೊರಡಬೇಕಾಯಿತು. ಕಡೆಯ ಸಾಲಿನಲ್ಲಿ ಸುತ್ತು ಹಾಕಿದ, ಹಾಕಿದ, ಹಾಕಿದ. ಇನ್ನೇನು ಮುಗೀಬೇಕು ಅನ್ನುವಾಗ ಗೆರೆ ದಾಟದೆ ನೇರ ಗ್ಯಾರೇಜಿಗೆ ಬಂದು ಇಳಿದುಬಿಟ್ಟ. ಅತ್ತ ಹೊರಗೆ ಜಾರ್ಜ್ ಮಾರ್ಟಿನ್ ಎಂಬ ಹೊಸ ಹುಡುಗ ತನ್ನ ಮೊದಲ ಮೋಟೋಜಿಪಿ ಗೆಲುವಿಗೆ ಕುಣಿದಾಡ್ತಿದ್ದ.

ಮೇಲ್ನೋಟಕ್ಕೆ, ಕೆಟ್ಟ ದಿನ, ಬೇಸತ್ತ ಸವಾರ, ಅಷ್ಟೇ. ಅಸಲು ವಿಷಯ ಬೇರೆ ಇತ್ತು.

ಈ ಬೈಕುಗಳ ಹೊಟ್ಟೆ ತುಂಬ ಸೆನ್ಸರುಗಳು. ಯಾವ ಕ್ಷಣಕ್ಕೆ ಯಾವ ಗೇರು, ಆಕ್ಸಿಲರೇಟರ್ ಎಷ್ಟು ತಿರುಗಿತು, ಬ್ರೇಕ್ ಎಷ್ಟು ಒತ್ತಿತು, ಇಂಜಿನ್ ಎಷ್ಟು ಸುತ್ತು ಸುತ್ತಿತು, ಎಲ್ಲ ಬರೆದಿಟ್ಟುಕೊಳ್ಳುತ್ತವೆ. ಚಿತ್ರಗುಪ್ತನ ಲೆಕ್ಕ! ಆದರೆ ಕಾರು ರೇಸಿನಂತೆ ಓಡುತ್ತಿರುವಾಗಲೇ ಈ ಲೆಕ್ಕ ಗ್ಯಾರೇಜಿಗೆ ಬರುವಂತಿಲ್ಲ. ಮೋಟೋಜಿಪಿಯಲ್ಲಿ ಅದಕ್ಕೆ ನಿಷೇಧ. ಬೈಕು ವಾಪಸ್ ಬಂದ ಮೇಲೆ ವೈರ್ ಸಿಕ್ಕಿಸಿ ನೋಡಬೇಕು. ನೋಡಿದ ಯಮಹಾದವರು ನಾಲ್ಕು ದಿನ ಸುಮ್ಮನಿದ್ದರು. ಆಗಸ್ಟ್ 12ರಂದು ಬಾಂಬ್ ಹಾಕಿದರು. ಮುಂದಿನ ರೇಸಿಗೆ ವಿನ್ಯಾಲೆಸ್ ಸಸ್ಪೆಂಡ್!

ಕಾರಣ? ಸವಾರ ಬೈಕನ್ನು ವಿವರಣೆಗೆ ಸಿಗದ ಅಸಹಜ ರೀತಿಯಲ್ಲಿ ಓಡಿಸಿದ್ದಾನೆ. ಇದರಿಂದ ಇಂಜಿನ್ನಿಗೆ ಭಾರಿ ಹಾನಿಯಾಗಬಹುದಿತ್ತು. ಅವನಿಗೂ, ಜೊತೆಯಲ್ಲಿ ಓಡುತ್ತಿದ್ದವರಿಗೂ ಅಪಾಯವಾಗಬಹುದಿತ್ತು ಎಂಬುದು ಕಂಪನಿಯ ವಾದ. ಗೇರು ಏರಿಸಬೇಕಾದ ಕಡೆ ಏರಿಸದೆ ಇಂಜಿನ್ನನ್ನು ಮಿತಿ ಮುಟ್ಟುವ ತನಕ ಕಿರುಚಿಸಿದ್ದಾನೆ ಎಂದು ವರದಿಗಳು ಬಂದವು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಸಿಟ್ಟು ಇದ್ದದ್ದು ಯಜಮಾನರ ಮೇಲೆ, ಬರೆ ಬಿದ್ದದ್ದು ಇಂಜಿನ್ ಮೇಲೆ. ಅದು ನಿಜಕ್ಕೂ ಒಡೆದಿದ್ದರೆ ಏನಾಗ್ತಿತ್ತು? ಆಯಿಲ್ ರಸ್ತೆಗೆ ಚೆಲ್ಲುತ್ತದೆ. ಹಿಂದಿನ ಚಕ್ರ ಲಾಕ್ ಆಗಿ ಸವಾರ ಎಗರಿ ಬೀಳುತ್ತಾನೆ. ಹಿಂದೆ 300 ಕಿಲೋಮೀಟರ್ ವೇಗದಲ್ಲಿ ಬರುವವನಿಗೆ ಏನೂ ಗೊತ್ತಿರುವುದಿಲ್ಲ. ಯಮಹಾ ದೊಡ್ಡ ಕಂಪನಿ, ಇಂಜಿನ್ನಿನ ನಷ್ಟ ತಡೆದುಕೊಳ್ಳುತ್ತದೆ. ಆಯಿಲ್ ಮೇಲೆ ಜಾರುವವನ ಮನೆಯವರು ತಡೆದುಕೊಳ್ಳಬೇಕಲ್ಲ! ಟೀಮಿನ ಮೇಲೆ ಅವನಿಗೆ ನೂರು ದೂರು ಇರಲಿ, ನೂರೂ ನಿಜವೇ ಇರಲಿ, ಈ ಒಂದು ಕೆಲಸಕ್ಕೆ ಸಮರ್ಥನೆ ಸಿಗೋದಿಲ್ಲ.

ಎರಡು ದಿನ ಬಿಟ್ಟು ವಿನ್ಯಾಲೆಸ್ ಟಿವಿಯವರ ಮುಂದೆ ಬಂದ. ಹತಾಶೆ ಸಿಡಿದುಬಿಟ್ಟಿತು, ಅದನ್ನು ಹೇಗೆ ನಿಭಾಯಿಸಬೇಕೋ ತಿಳಿಯಲಿಲ್ಲ ಎಂಬರ್ಥದಲ್ಲಿ ಮಾತಾಡಿ ಯಮಹಾದ ಕ್ಷಮೆ ಕೇಳಿದ. ತಡವಾಗಿತ್ತು. 16ನೇ ತಾರೀಖು ಇಟಲಿಯ ಏಪ್ರಿಲಿಯಾ ಕಂಪನಿ ಅವನನ್ನು 2022ಕ್ಕೆ ತೆಗೆದುಕೊಂಡಿರುವುದಾಗಿ ಸಾರಿತು. 20ನೇ ತಾರೀಖು ಯಮಹಾ, ಎರಡೂ ಕಡೆಯವರ ಒಪ್ಪಿಗೆಯಿಂದ ಸಂಬಂಧ ಈ ಕ್ಷಣಕ್ಕೇ ಮುಗಿಯಿತು ಎಂದಿತು. 18ರಲ್ಲಿ 10 ರೇಸಿಗೆ ಗಂಟುಮೂಟೆ.

ಹಳೆಯ ರೋಗವೇ?

ಪಕ್ಕಾ ಅಭಿಮಾನಿಗಳಿಗೆ ಆಗ ನೆನಪಾದದ್ದು 2012. ಆಗ ಇವನಿಗೆ 17 ವರ್ಷ. ಮೋಟೋ3 ತರಗತಿಯಲ್ಲಿ ಆ ವರ್ಷ 5 ರೇಸ್ ಗೆದ್ದಿದ್ದ, ಪ್ರಶಸ್ತಿಯ ಓಟದಲ್ಲಿದ್ದ. ಅಕ್ಟೋಬರ್‌ನಲ್ಲಿ ಮಲೇಷ್ಯಾದ ಸೆಪಾಂಗ್‌ಗೆ ಹೋದವನು ಶುಕ್ರವಾರ ಬೆಳಿಗ್ಗೆ 'ಈ ಟೀಮಿನ ಬೈಕು ಇನ್ನು ಹತ್ತೋಲ್ಲ' ಎಂದು ವಿಮಾನ ಹತ್ತಿ ಊರಿಗೆ ಹೊರಟೇಬಿಟ್ಟ! ಮುಂದಿನ ರೇಸಿಗೆ ಆಸ್ಟ್ರೇಲಿಯಾದಲ್ಲಿ ಅದೇ ಟೀಮಿನ ಮುಂದೆ ತಲೆ ತಗ್ಗಿಸಿ, ಕ್ಷಮೆ ಕೇಳಿ, ಅದೇ ಬೈಕು ಹತ್ತಿದ. ವರ್ಷದ ಕೊನೆಗೆ ಮೂರನೇ ಸ್ಥಾನ. ಮರುವರ್ಷ ಬೇರೆ ಟೀಮು, ಕೆಟಿಎಂ ಬೈಕು; ಕೊನೆಯ ರೇಸಿನ ಕೊನೆಯ ಸುತ್ತಿನಲ್ಲಿ ಚಾಂಪಿಯನ್ ಆದ.

ಇಂಥ ಪ್ರಸಂಗಗಳಲ್ಲಿ ಇವನೊಬ್ಬನೇ ಅಲ್ಲ ಬಿಡಿ. 1993ರಲ್ಲಿ ಅಮೆರಿಕದ ಜಾನ್ ಕೊಸಿನ್‌ಸ್ಕಿ ಆಸೆನ್‌ನಲ್ಲಿ ಮೂರನೆಯವನಾಗಿ ಬಂದ ಸಿಟ್ಟಿಗೆ, ರೇಸ್ ಮುಗಿದ ಮೇಲಿನ ಸುತ್ತಿನಲ್ಲಿ ಸುಜುಕಿಯ ಇಂಜಿನ್ನನ್ನೇ ಸುಟ್ಟುಹಾಕಿದ ಎಂಬ ಆಪಾದನೆ ಹೊತ್ತು ಕೆಲಸ ಕಳೆದುಕೊಂಡಿದ್ದ. ಅದೇ ವರ್ಷ ಇಟಲಿಯ ಕಾಜೀವಾ ಬೈಕು ಹತ್ತಿ ತನ್ನ ದೇಶದ ಲಗುನಾ ಸೆಕಾದಲ್ಲಿ ಗೆದ್ದ! ರೇಸಿನ ಪೇಟೆಯಲ್ಲಿ ವೇಗ ಇದ್ದವನಿಗೆ ಗಿರಾಕಿ ತಪ್ಪೋಲ್ಲ.

ಬಿಡೋದಾದರೆ ಜೋಹಾನ್ ಜಾರ್ಕೊನ ಹಾಗೆ ಬಿಡಬೇಕಿತ್ತು. 2019ರ ಆಗಸ್ಟ್, ಅದೇ ಆಸ್ಟ್ರಿಯಾ. ಕೆಟಿಎಂ ಕಂಪನಿಗೆ ಅದು ತವರುಮನೆ. ಬೈಕು ತನಗೆ ಒಗ್ಗುತ್ತಿಲ್ಲ, 2020ರ ಕರಾರು ತನಗೆ ಬೇಡ ಎಂದು ಆ ಫ್ರೆಂಚ್ ಸವಾರ ಮುಂದಿನ ಕೆಲಸ ಕೈಯಲ್ಲಿಲ್ಲದೆಯೇ ಹೇಳಿಬಿಟ್ಟ. ಸೆಪ್ಟೆಂಬರ್‌ನಲ್ಲಿ ಕೆಟಿಎಂನವರು 'ಹಾಗಾದರೆ ಈಗಲೇ ಇಳಿ' ಎಂದು ಅವನ ಜಾಗಕ್ಕೆ ಮಿಕಾ ಕಾಲಿಯೊನನ್ನು ಕೂರಿಸಿದರು. ಕಂಪನಿಗಳೂ ಕಡಿಮೆಯವಲ್ಲ! ಮರ್ಯಾದೆಯಿಂದ ಮಾತಾಡಿದವನಿಗೂ ನಡುದಾರಿಯೇ ಗತಿಯಾಯಿತು. ಆದರೆ ಅವನ ಮೇಲೆ ಇಂಜಿನ್ ಮುರಿಯಲು ಹೊರಟ ಎಂಬ ಮಾತು ಬರಲಿಲ್ಲ. ಅದೇ ಜಾರ್ಕೊ 2025ರ ಮೇ ತಿಂಗಳಲ್ಲಿ ಹೋಂಡಾ ಏರಿ ತನ್ನ ದೇಶದ ಲೆ ಮಾನ್ಸ್‌ನಲ್ಲೇ ಗೆದ್ದ.

ಆಮೇಲೆ ಏನಾಯ್ತು?

ಯಮಹಾಕ್ಕೆ ನಷ್ಟವಾಯಿತೆಂದು ಹೇಳುವಂತಿಲ್ಲ. ಖಾಲಿ ಬೈಕಿಗೆ ಮೊದಲು ಕ್ರಚ್‌ಲೋ, ಆಮೇಲೆ ಮೊರ್ಬಿಡೆಲಿ ಬಂದರು. ಅಕ್ಟೋಬರ್ 24ರಂದು ಮಿಸಾನೊದಲ್ಲಿ ಕ್ವಾರ್ಟರಾರೊ ಚಾಂಪಿಯನ್ ಆದ. ಮೋಟೋಜಿಪಿಯಲ್ಲಿ ಆ ಪಟ್ಟ ಕಟ್ಟಿಸಿಕೊಂಡ ಮೊದಲ ಫ್ರೆಂಚ್ ಸವಾರ ಅವನೇ.

ವಿನ್ಯಾಲೆಸ್ ಮುಂದಿನ ವರ್ಷದವರೆಗೆ ಕಾಯದೆ ಸೆಪ್ಟೆಂಬರ್ 12ರಂದೇ ಏಪ್ರಿಲಿಯಾ ಹತ್ತಿ ಟ್ರ್ಯಾಕಿಗಿಳಿದ. ಎರಡು ವಾರವೂ ಕಳೆದಿರಲಿಲ್ಲ. 25ರಂದು ಹೆರೆಸ್‌ನಲ್ಲಿ ನಡೆದ ಕಿರಿಯರ ರೇಸಿನಲ್ಲಿ ಅವನ ಚಿಕ್ಕಪ್ಪನ ಮಗ, 15 ವರ್ಷದ ಡೀನ್ ಬೆರ್ಟಾ ವಿನ್ಯಾಲೆಸ್ ಅಪಘಾತದಲ್ಲಿ ತೀರಿಕೊಂಡ. ಅಣ್ಣನೆನಿಸಿದವನು ಮುಂದಿನ ವಾರದ ಅಮೆರಿಕದ ರೇಸಿಗೆ ಹೋಗಲಿಲ್ಲ. ಯಾರೂ ಯಾಕೆಂದು ಕೇಳಲೂ ಇಲ್ಲ.

ಏಪ್ರಿಲಿಯಾದಲ್ಲಿ ಗೆಲುವು ಸುಲಭಕ್ಕೆ ಸಿಗಲಿಲ್ಲ. ಸಣ್ಣ ಫ್ಯಾಕ್ಟರಿ, ಕಡಿಮೆ ಜನ. 2022ರ ಜೂನ್‌ನಲ್ಲಿ ಆಸೆನ್‌ನಲ್ಲಿ ಮೊದಲ ಸಲ ಮೂರನೇ ಸ್ಥಾನ ಬಂತು. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹತ್ತಿರದ ಬುದ್ಧ್ ಸರ್ಕ್ಯೂಟ್‌ನಲ್ಲಿ ಭಾರತದ ಮೊದಲ ಮೋಟೋಜಿಪಿ ನಡೆದಾಗ ಆ ಕಪ್ಪು ಏಪ್ರಿಲಿಯಾವನ್ನು ನಮ್ಮವರೂ ಕಂಡರು. ಗೆಲುವು ಬಂದದ್ದು 2024ರ ಏಪ್ರಿಲ್ 14ರಂದು, ಅಮೆರಿಕದ ಆಸ್ಟಿನ್‌ನಲ್ಲಿ. ಮುಂದಿನ ಸಾಲಿನಿಂದ ಹೊರಟವನು ಮೊದಲ ತಿರುವಿನ ನೂಕುನುಗ್ಗಲಿನಲ್ಲಿ 11ನೇ ಸ್ಥಾನಕ್ಕೆ ಕುಸಿದ. ಹಳೆಯ ವಿನ್ಯಾಲೆಸ್ ಆಗಿದ್ದರೆ ಅಲ್ಲಿಗೇ ಮುಖ ಊದಿಸಿಕೊಳ್ಳುತ್ತಿದ್ದ. ಅವತ್ತು ಒಬ್ಬೊಬ್ಬರನ್ನೇ ಹಿಡಿದು, ದಾಟಿ, ಎಲ್ಲರಿಗಿಂತ ಮುಂದೆ ಬಂದು ಗೆರೆ ದಾಟಿದ. ಸುಜುಕಿ, ಯಮಹಾ, ಏಪ್ರಿಲಿಯಾ. 2002ರಲ್ಲಿ ಶುರುವಾದ ಮೋಟೋಜಿಪಿ ಯುಗದಲ್ಲಿ ಮೂರು ಕಂಪನಿಯ ಬೈಕುಗಳಲ್ಲಿ ಗೆದ್ದ ಮೊದಲಿಗ ಇವನೇ.

ಅದಾಗಿ ಎರಡೂವರೆ ತಿಂಗಳಿಗೆ, ಜೂನ್ ಕೊನೆಯಲ್ಲಿ, ಮತ್ತೆ ಸುದ್ದಿ: ವಿನ್ಯಾಲೆಸ್ ಏಪ್ರಿಲಿಯಾ ಬಿಟ್ಟು 2025ಕ್ಕೆ ಕೆಟಿಎಂ ಸೇರ್ತಾನೆ. ಯಮಹಾದಿಂದ ಹೊರಡುವ ಸುದ್ದಿ ಬಂದದ್ದೂ ಜೂನ್ ಕೊನೆಯಲ್ಲೇ! ಹಳೆಯದೆಲ್ಲ ಬಲ್ಲವರು ಆಗಸ್ಟ್ ತಿಂಗಳಿಗಾಗಿ ಕಾದರು. ಆಗಸ್ಟ್ ಬಂತು, ರೆಡ್ ಬುಲ್ ರಿಂಗ್ ಬಂತು, ಏನೂ ಆಗಲಿಲ್ಲ. ನವೆಂಬರ್ 17ರಂದು ಬಾರ್ಸಿಲೋನಾದ ಕೊನೆಯ ರೇಸನ್ನೂ ಏಪ್ರಿಲಿಯಾದಲ್ಲೇ ಓಡಿ, ಬೈಕನ್ನು ಗ್ಯಾರೇಜಿಗೆ ತಂದು ಒಪ್ಪಿಸಿದ.