ದೇಶಾಂತರ ಹೋದ ದೆವ್ವಗಳು

ಜಪಾನಿನ ಹಿಮೇಜಿ ದುರ್ಗದೊಳಗೆ ಇಂದಿಗೂ ಪ್ರವಾಸಿಗಳಿಗೆ ತೋರಿಸುವ ಬಾವಿಯೊಂದುಂಟು. ಒಡೆಯನ ಹತ್ತು ತಟ್ಟೆಗಳಲ್ಲಿ ಒಂದನ್ನು ಕಳೆದಳೆಂಬ ಅಪವಾದಕ್ಕೆ ಗುರಿಯಾಗಿ, ಹತಳಾಗಿ, ಆ ಬಾವಿಗೆ ಎಸೆಯಲ್ಪಟ್ಟ ಓಕಿಕು ಎಂಬ ದಾಸಿಯು ರಾತ್ರಿಯಲ್ಲಿ ಮೇಲೆದ್ದು ಒಂದರಿಂದ ಒಂಬತ್ತರವರೆಗೆ ಎಣಿಸಿ, ಹತ್ತನೆಯದು ದೊರೆಯದೆ ಚೀರುವಳೆಂಬುದು ಐತಿಹ್ಯ. ಕೋಜಿ ಸುಜುಕಿಯವರ 1991ರ ಕಾದಂಬರಿಯನ್ನು ಆಧರಿಸಿ ಹಿದೆಯೊ ನಕಾತ 1998ರಲ್ಲಿ ನಿರ್ದೇಶಿಸಿದ ‘ರಿಂಗು’ ಚಿತ್ರದಲ್ಲಿ, ವಿಡಿಯೊ ಕ್ಯಾಸೆಟ್ಟೊಂದನ್ನು ನೋಡಿದವರನ್ನು ಏಳನೆಯ ದಿನ ಬಲಿಗೊಳ್ಳುವ ಸದಾಕೊ, ಮುಖವನ್ನೆಲ್ಲ ಮುಚ್ಚಿದ ಕೂದಲಿನೊಡನೆ ಬಾವಿಯಿಂದೆದ್ದು ಟಿವಿಯ ಪರದೆಯನ್ನೇ ದಾಟಿ ಬರುವಾಗ, ಆ ದೇಶದ ಪ್ರೇಕ್ಷಕರಿಗೆ ಅವಳು ಅಪರಿಚಿತಳಾಗಿರಲಿಲ್ಲ. ಅನ್ಯಾಯಕ್ಕೀಡಾದ ಹೆಣ್ಣು ಬಾವಿಯಿಂದ ಮರಳಿ ಬರುವಳೆಂಬುದನ್ನು ಅವರು ತಲೆತಲಾಂತರದಿಂದ ಕೇಳಿ ಬಲ್ಲವರು.

ಅಮೆರಿಕದಲ್ಲಿ ಗೋರ್ ವರ್ಬಿನ್ಸ್ಕಿ 2002ರಲ್ಲಿ ಇದನ್ನೇ ‘ದಿ ರಿಂಗ್’ ಎಂದು ಪುನರ್ನಿರ್ಮಿಸಿದರು. ಸದಾಕೊ ಅಲ್ಲಿ ಸಮಾರಾ ಆದಳು. ತನ್ನ ಅಲೌಕಿಕ ಶಕ್ತಿಯನ್ನು ಬಹಿರಂಗವಾಗಿ ಪ್ರದರ್ಶಿಸಹೋಗಿ ಪತ್ರಕರ್ತರ ನಿಂದೆಗೆ ಗುರಿಯಾದ ತಾಯಿಯ ವೃತ್ತಾಂತ ಮಾಯವಾಗಿ, ಅದರ ಸ್ಥಾನದಲ್ಲಿ ದ್ವೀಪವೊಂದರ ಕುದುರೆಗಳ ಸಾಕಣೆಯೂ ದತ್ತುಮಗಳ ಕಥೆಯೂ ಬಂದವು. ಚಿತ್ರವು ಕುಶಲವಾದದ್ದು, ಭಯಾನಕವಾದದ್ದು ಎಂಬುದರಲ್ಲಿ ಸಂದೇಹವಿಲ್ಲ; ಆದರೆ ಬಾವಿಯು ಅಲ್ಲಿ ಬರಿಯ ಬಾವಿಯಾಗಿ ಉಳಿಯಿತೆಂದೇ ನನ್ನ ಅಭಿಪ್ರಾಯ. ತನ್ನ ‘ಜು-ಆನ್’ ಚಿತ್ರವನ್ನು ಅಮೆರಿಕದವರಿಗಾಗಿ 2004ರಲ್ಲಿ ತಾನೇ ಮರಳಿ ತೆಗೆದ ತಕಾಶಿ ಶಿಮಿಝು ಬೇರೆ ಹಾದಿ ಹಿಡಿದನು: ದೆವ್ವವನ್ನು ಅಮೆರಿಕಕ್ಕೆ ಒಯ್ಯಲಿಲ್ಲ, ಅಮೆರಿಕದ ಪಾತ್ರಗಳನ್ನೇ ಟೋಕಿಯೊದ ಆ ಮನೆಗೆ ಕರೆತಂದನು.

ನೀರಿಗೆ ಒಪ್ಪಿಸಲ್ಪಟ್ಟ ಹೆಣ್ಣು ನಮಗೂ ಹೊಸಬಳಲ್ಲ. ಮಲ್ಲನಗೌಡನು ಕಟ್ಟಿಸಿದ ಕೆರೆಯಲ್ಲಿ ನೀರು ನಿಲ್ಲದಿರಲು ಕಿರಿಯ ಸೊಸೆ ಭಾಗೀರಥಿಯನ್ನು ಹಾರ ಕೊಟ್ಟ ಕಥನಗೀತೆಯನ್ನು ಅರಿಯದ ಕನ್ನಡಿಗರು ವಿರಳ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಐತಿಹ್ಯವೂ ಶಾಂತವ್ವೆಯೆಂಬ ರಾಜಕುಮಾರಿಯ ಹೆಸರಿನೊಡನೆ ಹೆಣೆದುಕೊಂಡಿದೆ. ಇಂದು ಆ ಕೆರೆಗೆ ಶಾಂತಿಸಾಗರವೆಂದೂ ಹೆಸರು. ಆದರೆ ನಮ್ಮ ಭಾಗೀರಥಿ ಸೇಡಿಗೆಂದು ಮೇಲೆದ್ದು ಬರುವುದಿಲ್ಲ. ಅವಳ ಗಂಡ ಮಹಾದೇವರಾಯನು ತಾನೂ ಕೆರೆಗೆ ಹಾರುತ್ತಾನೆ. ಊರು ಹಾಡು ಕಟ್ಟಿ ಅಳುತ್ತದೆ. ಓಕಿಕುವಿನ ನಾಡು ಅನ್ಯಾಯಕ್ಕೊಳಗಾದವಳಿಗೆ ಚೀರುವ ಹಕ್ಕನ್ನು ಕೊಟ್ಟಿತು. ನಾವು ಅಂಥವಳಿಗೆ ಕೈಮುಗಿದು, ಗುಡಿ ಕಟ್ಟಿ, ಅವಳು ಮಾತನಾಡದಂತೆ ಮಾಡಿದೆವು. ಹೀಗಿರುವಾಗ ಕನ್ನಡದ ತೆರೆಯ ಮೇಲೆ ಕೋಪಗೊಂಡ ಹೆಣ್ಣಿನ ಪ್ರೇತವು ಬಹುಮಟ್ಟಿಗೆ ನೆರೆನಾಡಿನಿಂದ ಬರಬೇಕಾಯಿತೆಂಬುದು ವಿಚಾರಾರ್ಹವಾದ ಸಂಗತಿ.

2004ರ ‘ಆಪ್ತಮಿತ್ರ’ವೇ ಇದಕ್ಕೆ ಶ್ರೇಷ್ಠ ನಿದರ್ಶನ. ಕೇರಳದ ಆಲಪ್ಪುಳ ಸೀಮೆಯ ಆಲುಮ್ಮೂಟಿಲ್ ಮನೆತನದಲ್ಲಿ ಹಿಂದೆ ನಡೆದ ದುರಂತದಿಂದ ಪ್ರೇರಿತರಾಗಿ ಮಧು ಮುಟ್ಟಂ ಬರೆದು, ಫಾಝಿಲ್ ನಿರ್ದೇಶಿಸಿದ ‘ಮಣಿಚಿತ್ರತ್ತಾಳ್’ 1993ರಲ್ಲಿ ತೆರೆ ಕಂಡಿತ್ತು. ಅದರ ನಾಯಕಿ ಶೋಭನಾ ರಾಷ್ಟ್ರಪ್ರಶಸ್ತಿ ಪಡೆದರು. ಅದನ್ನು ದ್ವಾರಕೀಶ್ ನಿರ್ಮಾಣದಲ್ಲಿ ಪಿ. ವಾಸು ಕನ್ನಡಕ್ಕೆ ತಂದರು. ಹಳೆಯ ಅರಮನೆಗೆ ಬಂದು ನೆಲೆಸಿದ ದಂಪತಿಗಳು. ಬೀಗ ಹಾಕಿದ ಕೋಣೆ. ರಾಜನ ಕ್ರೌರ್ಯಕ್ಕೆ ಬಲಿಯಾದ ನರ್ತಕಿ ನಾಗವಲ್ಲಿ. ಅವಳ ಕಥೆಯನ್ನು ಕೇಳಿ ಕೇಳಿ ತಾನೇ ಅವಳಾಗಿಹೋಗುವ ಗೃಹಿಣಿ ಗಂಗಾ. ವಿಷ್ಣುವರ್ಧನರು ಇಲ್ಲಿ ಮನೋವೈದ್ಯರು, ಅವಿನಾಶ್ ಮಂತ್ರಶಾಸ್ತ್ರ ಬಲ್ಲ ಆಚಾರ್ಯರು. ಇಬ್ಬರೂ ಪರಸ್ಪರ ಗೌರವಿಸಿ ಕೂಡಿ ಕೆಲಸ ಮಾಡುವುದು, ವಿಜ್ಞಾನವನ್ನೂ ನಂಬಿಕೆಯನ್ನೂ ಸದಾ ಕಾದಾಟಕ್ಕೆ ನಿಲ್ಲಿಸುವ ನಮ್ಮ ಚಿತ್ರಗಳ ನಡುವೆ ಎಷ್ಟು ವಿವೇಕದ ಕಲ್ಪನೆ! ರೋಗಿಯನ್ನು ಹೊಡೆದು ದೆವ್ವ ಬಿಡಿಸುವುದಿಲ್ಲ. ಆ ರಾಜನ ಮೇಲೆ ಸೇಡು ತೀರಿತೆಂಬ ತೃಪ್ತಿಯನ್ನು ಅವಳಿಗೆ ಉಪಾಯದಿಂದ ದೊರಕಿಸಿಕೊಟ್ಟು ಗುಣಪಡಿಸುತ್ತಾರೆ. ಅವಳ ಕೋಪವು ನ್ಯಾಯವಾದದ್ದೆಂದು ಕಥೆಯೇ ಒಪ್ಪಿಕೊಳ್ಳುತ್ತದೆ.

ಮಲಯಾಳದಲ್ಲಿ ನಾಗವಲ್ಲಿ ತಂಜಾವೂರಿನಿಂದ ಬಂದ ತಮಿಳು ನರ್ತಕಿ. ಕನ್ನಡದಲ್ಲಿ ಅವಳು ತೆಲುಗಿನವಳು. ಗುರುಕಿರಣ್ ಸಂಗೀತದ ‘ರಾ ರಾ’ ಹಾಡು ತೆಲುಗಿನಲ್ಲಿಯೇ ಇದೆ. ವಾಸು ಅವರೇ 2005ರಲ್ಲಿ ತಮಿಳಿನಲ್ಲಿ ‘ಚಂದ್ರಮುಖಿ’ ತೆಗೆದಾಗಲೂ ಆಕೆ ತೆಲುಗಿನವಳಾದಳು. ಪ್ರಿಯದರ್ಶನರ 2007ರ ಹಿಂದಿ ‘ಭೂಲ್ ಭುಲೈಯಾ’ದಲ್ಲಿ ಬಂಗಾಳಿಯಾದಳು. ಎಲ್ಲಿಗೆ ಹೋದರೂ ಅವಳು ಪರನಾಡಿನವಳು, ಅರಮನೆಯಲ್ಲಿ ತನ್ನವರೆಂಬವರು ಇಲ್ಲದವಳು. ಪುನರ್ನಿರ್ಮಾಪಕರು ಊರು, ಉಡುಪು, ಹಾಸ್ಯ ಎಲ್ಲವನ್ನೂ ಬದಲಿಸಿದರೂ ಈ ಅನಾಥತೆಯನ್ನು ಕೈಬಿಡಲಿಲ್ಲ. ಕಥೆಯು ಹೋದೆಡೆಯಲ್ಲೆಲ್ಲ ಬೇರೂರಿದ್ದು ಇದರಿಂದಲೇ ಎಂದು ನಾನು ಬಲವಾಗಿ ನಂಬಿದ್ದೇನೆ. ಗಂಗೆಯಾಗಿ ಅಭಿನಯಿಸಿದ ಸೌಂದರ್ಯ, ಚಿತ್ರವು ತೆರೆ ಕಾಣುವ ಮುನ್ನವೇ, 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು. ಆ ವರ್ಷ ಚಿತ್ರಮಂದಿರಗಳಲ್ಲಿ ಕುಳಿತು ಅವಳ ಕಣ್ಣುಗಳನ್ನು ನೋಡಿದವರಿಗೆ ಭಯಕ್ಕಿಂತ ದುಃಖವೇ ಹೆಚ್ಚಾಗಿ ಉಳಿಯಿತು.

ನಾವು ತಂದದ್ದು ಮಾತ್ರವಲ್ಲ, ಕೊಟ್ಟದ್ದೂ ಉಂಟು. ವಿಜಯ್ ನಿರ್ದೇಶನದ, ಅನಂತನಾಗ್ ಮತ್ತು ಲಕ್ಷ್ಮಿ ಅಭಿನಯದ ‘ನಾ ನಿನ್ನ ಬಿಡಲಾರೆ’ (1979) ಎರಡೇ ವರ್ಷಗಳಲ್ಲಿ ಹಿಂದಿಯ ‘ಮಂಗಳಸೂತ್ರ’ವಾಯಿತು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ರಾತ್ರಿ ಬಂದವಳನ್ನು ಹಿಂದಿರುಗಿಸುತ್ತಿದ್ದ ನಮ್ಮ ಜನರ ವದಂತಿಯು, ಮಧ್ಯಪ್ರದೇಶದ ಚಂದೇರಿಗೆ ಹೋಗಿ 2018ರ ‘ಸ್ತ್ರೀ’ ಚಿತ್ರವಾಗಿ ದೇಶವನ್ನೆಲ್ಲ ನಗಿಸಿ ನಡುಗಿಸಿತು.

ಇವೆಲ್ಲಕ್ಕಿಂತ ಹೆಚ್ಚಾಗಿ ನನಗೆ ಅಭಿಮಾನ ತರುವುದು ಪವನ್ ಕುಮಾರರ ‘ಯೂ ಟರ್ನ್’ (2016). ಬೆಂಗಳೂರಿನ ಡಬಲ್ ರೋಡ್ ಫ್ಲೈಓವರಿನಲ್ಲಿ ಬೈಕ್ ಸವಾರರು ತುಸು ದೂರ ಉಳಿಸಲೆಂದು ವಿಭಜಕದ ಕಾಂಕ್ರೀಟ್ ಕಲ್ಲುಗಳನ್ನು ಸರಿಸಿ ತಿರುಗಿ, ಅವನ್ನು ಹಾಗೆಯೇ ಬಿಟ್ಟುಹೋಗುತ್ತಾರೆ. ಆ ಕಲ್ಲುಗಳಿಂದ ಸಾವು ಸಂಭವಿಸುತ್ತದೆ. ಬಳಿಕ ಹಾಗೆ ತಿರುಗಿದವರು ಒಬ್ಬೊಬ್ಬರಾಗಿ ಸಾಯತೊಡಗುತ್ತಾರೆ. ಇಲ್ಲಿ ಅರಮನೆಯಿಲ್ಲ, ನರ್ತಕಿಯಿಲ್ಲ. ಕೊಂದವನು ರಾಜನೂ ಅಲ್ಲ, ಸಾಮಾನ್ಯ ಮನುಷ್ಯ. ಶ್ರದ್ಧಾ ಶ್ರೀನಾಥ್ ಅಭಿನಯಿಸಿದ ತರುಣ ಪತ್ರಕರ್ತೆಯು ಆ ವಾಹನಗಳ ನಂಬರುಗಳನ್ನು ಪಟ್ಟಿಮಾಡುತ್ತ ಹೋಗುವ ಪರಿಯೇ ಒಂದು ವಿಚಾರಣೆಯಂತಿದೆ. ಈ ಚಿತ್ರವು 2017ರಲ್ಲಿ ಮಲಯಾಳಕ್ಕೆ ‘ಕೇರ್‌ಫುಲ್’ ಆಗಿ ಹೋಯಿತು. 2018ರಲ್ಲಿ ತೆಲುಗು ಮತ್ತು ತಮಿಳಿಗೆ ಅದನ್ನು ಒಯ್ದವರು, ಶಿಮಿಝುವಿನಂತೆಯೇ, ಮೂಲ ನಿರ್ದೇಶಕರೇ. ಮುಂದೆ ಬಂಗಾಳಿ, ಹಿಂದಿ ಅವತಾರಗಳೂ ಬಂದವು. 2020ರಲ್ಲಿ ಸಮುದ್ರ ದಾಟಿ ಫಿಲಿಪ್ಪೀನ್ಸಿನ ಚಿತ್ರವಾಯಿತು. ಹಿಮೇಜಿಯ ಬಾವಿಯನ್ನು ಅಮೆರಿಕಕ್ಕೆ ಒಯ್ಯುವುದು ಕಷ್ಟವಾಯಿತು. ರಸ್ತೆಯ ಮೇಲೆ ಯಾರೋ ಸರಿಸಿ ಬಿಟ್ಟುಹೋದ ಕಲ್ಲನ್ನು ಒಯ್ಯುವ ಅಗತ್ಯವೇ ಬೀಳಲಿಲ್ಲ, ಅದು ಆಯಾ ನಗರಗಳಲ್ಲಿ ಮೊದಲೇ ಬಿದ್ದಿತ್ತು.