ಜಾಲರಿಯಾಚೆ ಹುಲಿ: ಮಾವಳ್ಳಿಯಿಂದ ಬನ್ನೇರುಘಟ್ಟಕ್ಕೆ ಒಂದು ದಿನ

ಭಾನುವಾರ ಬೆಳಿಗ್ಗೆ ಮಾವಳ್ಳಿಯಲ್ಲಿ ಎರಡು ಕ್ಯೂ ಗ್ಯಾರಂಟಿ. ಒಂದು ಎಂಟಿಆರ್ ಮುಂದೆ, ರವೆ ಇಡ್ಲಿಗೆ. ಇನ್ನೊಂದು ಲಾಲ್‌ಬಾಗ್ ಗೇಟಿನ ಹತ್ತಿರ, ಪಾರ್ಕಿಂಗ್‌ಗೆ. ಎರಡೂ ಮುಗಿದ ಮೇಲೆ ಮಕ್ಕಳು ‘ಈಗ ಎಲ್ಲಿಗೆ?’ ಅಂದ್ರೆ ಬೆಂಗಳೂರಿನ ಅಪ್ಪ ಅಮ್ಮಂದಿರ ಬಾಯಲ್ಲಿ ಬರುವ ಉತ್ತರ ತಲೆಮಾರುಗಳಿಂದ ಒಂದೇ: ಬನ್ನೇರುಘಟ್ಟ.

ಒಂದು ಕಾಲದಲ್ಲಿ ಮಾವಳ್ಳಿಯವರು ಪ್ರಾಣಿ ನೋಡೋಕೆ ಅಷ್ಟು ದೂರ ಹೋಗಬೇಕಿರಲಿಲ್ಲ. 19ನೇ ಶತಮಾನದಲ್ಲಿ ಲಾಲ್‌ಬಾಗ್ ಒಳಗೇ ಪುಟ್ಟ ಮೃಗಾಲಯವಿತ್ತು. ಹೂವು ನೋಡೋಕೆ ಬಂದವರು ಹುಲಿಯನ್ನೂ ನೋಡಿಕೊಂಡು ಹೋಗುತ್ತಿದ್ದರು. ಆಗ ಹುಲಿ ಬೋನಿನಲ್ಲಿ ಇರುತ್ತಿತ್ತು, ನಾವು ಹೊರಗೆ ಓಡಾಡುತ್ತಿದ್ದೆವು. ಈಗ ಸಫಾರಿಯಲ್ಲಿ ನಾವು ಬೋನಿನಲ್ಲಿ, ಹುಲಿ ಹೊರಗೆ. ಆ ಬೋನಿಗೆ ನಾಲ್ಕು ಚಕ್ರ ಇದೆ, ಅಷ್ಟೇ ವ್ಯತ್ಯಾಸ.

ಬಸ್ಸಿಗೂ ಮೊದಲು ಒಂದು ಬಸ್ಸು

ಕಾರು ಬೇಡ ಅಂದ್ರೆ ಬಿಎಂಟಿಸಿಯ 365 ಇದೆ. ಮೆಜೆಸ್ಟಿಕ್‌ನಿಂದ ಹೊರಟು ಪಾರ್ಕಿನ ಬಾಗಿಲವರೆಗೆ ಹೋಗುವ ಹಳೇ ನಂಬರ್ ಇದು. ಮಾವಳ್ಳಿಯವರು ಡೈರಿ ಸರ್ಕಲ್ ತನಕ ಆಟೋ ಹಿಡಿದು ಅಲ್ಲಿ ಹತ್ತಿಕೊಳ್ಳಬಹುದು. ನಗರದ ಮಧ್ಯದಿಂದ ಲೆಕ್ಕ ಹಾಕಿದರೆ ಸುಮಾರು 22 ಕಿಲೋಮೀಟರ್. ಎಷ್ಟು ಹೊತ್ತು ಅಂತ ಮಾತ್ರ ಕೇಳಬೇಡಿ, ಅದು ಬನ್ನೇರುಘಟ್ಟ ರಸ್ತೆಯ ಮರ್ಜಿ.

ಜಯದೇವ ದಾಟಿ, ಮೆಟ್ರೋ ಕಂಬಗಳ ಪಕ್ಕದಲ್ಲೇ ತೆವಳುತ್ತಾ ಬಿಳೇಕಹಳ್ಳಿ, ಅರೆಕೆರೆ, ಹುಳಿಮಾವು, ಗೊಟ್ಟಿಗೆರೆ. ಬೋರ್ಡಿನಲ್ಲಿ ಹುಳಿಮಾವು ಅಂತಿದ್ದರೂ ಬಸ್ಸಿನಲ್ಲಿರುವ ಮಕ್ಕಳಿಗೆ ಅದು ಹುಲಿಮಾವೇ. ಐಟಿ ಕಂಪನಿ, ಆಸ್ಪತ್ರೆ, ಮಾಲ್, ಮೂವತ್ತು ಮಹಡಿಯ ಅಪಾರ್ಟ್‌ಮೆಂಟ್ ಎಲ್ಲ ಆದ ಮೇಲೆ, ನೈಸ್ ರಸ್ತೆ ದಾಟಿದರೆ ಗಾಳಿ ಸ್ವಲ್ಪ ಬದಲಾಗುತ್ತೆ. ದೂರದಲ್ಲಿ ಗುಡ್ಡ ಕಾಣುತ್ತೆ. ಚಂಪಕಧಾಮಸ್ವಾಮಿ ದೇವಸ್ಥಾನ ಬಂತು ಅಂದ್ರೆ ಪಾರ್ಕು ಹತ್ತಿರ ಬಂತು ಅಂತ ಅರ್ಥ.

ನೀವು ನೋಡುವುದು ನ್ಯಾಷನಲ್ ಪಾರ್ಕ್ ಅಲ್ಲ

‘ನ್ಯಾಷನಲ್ ಪಾರ್ಕ್‌ಗೆ ಹೋಗಿ ಬಂದ್ವಿ’ ಅಂತ ಸ್ಟೇಟಸ್ ಹಾಕುವ ಮುನ್ನ ಒಂದು ಸಣ್ಣ ಲೆಕ್ಕ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಘೋಷಣೆಯಾಗಿದ್ದು 1974ರಲ್ಲಿ. ಈಗ ಅದರ ವಿಸ್ತಾರ ಸುಮಾರು 260 ಚದರ ಕಿಲೋಮೀಟರ್. 2002ರಲ್ಲಿ ಮೃಗಾಲಯ ಮತ್ತು ಸಫಾರಿಯ ಭಾಗವನ್ನು ಬೇರೆ ಮಾಡಿ ಜೈವಿಕ ಉದ್ಯಾನ ಅಂತ ಮಾಡಿದರು. ಇದು ಸುಮಾರು 731 ಹೆಕ್ಟೇರ್, ಅಂದರೆ ಏಳೂಕಾಲು ಚದರ ಕಿಲೋಮೀಟರ್ ಚಿಲ್ಲರೆ. ನಮ್ಮ ಸಫಾರಿ ಬಸ್ಸು ಓಡುವುದು ಈ ಸಣ್ಣ ತುಂಡಿನಲ್ಲಿ. ಉಳಿದದ್ದು ಟಿಕೆಟ್ ಸಿಗದ ನಿಜವಾದ ಕಾಡು. ಅದು ದಕ್ಷಿಣಕ್ಕೆ ಚಾಚಿಕೊಂಡು ಕಾವೇರಿ ವನ್ಯಧಾಮದ ಕಡೆಗೆ, ತಮಿಳುನಾಡಿನ ಕಾಡುಗಳ ಕಡೆಗೆ ಸಾಗುತ್ತೆ.

ಈ ವ್ಯತ್ಯಾಸ ಮನಸ್ಸಲ್ಲಿಟ್ಟುಕೊಂಡು ಬಸ್ ಹತ್ತಿದರೆ ನೋಡುವ ಕಣ್ಣೇ ಬೇರೆ ಆಗುತ್ತೆ.

ಮೊದಲು ಸಸ್ಯಾಹಾರಿಗಳು. ಜಿಂಕೆ, ಕಡವೆ, ನೀಲಗಾಯ್, ಕಾಟಿ. ಎಲ್ಲರೂ ಹುಲಿಯ ಯೋಚನೆಯಲ್ಲೇ ಇರುವುದರಿಂದ ಪಾಪ ಇವುಗಳನ್ನು ಯಾರೂ ಸರಿಯಾಗಿ ನೋಡಲ್ಲ. ಗಂಡು ಕಾಟಿಯ ಬೆನ್ನಿನ ಆ ಉಬ್ಬು, ಬಿಳಿ ಕಾಲುಚೀಲ ತೊಟ್ಟಂಥ ಕಾಲುಗಳನ್ನು ಎರಡು ನಿಮಿಷ ನೋಡಿ. ಆಮೇಲೆ ಮೊದಲ ಗೇಟು. ಒಳಗೆ ಹೋದ ಮೇಲೆ ಅದು ಮುಚ್ಚಿಕೊಳ್ಳುತ್ತೆ, ಆಮೇಲಷ್ಟೇ ಮುಂದಿನದು ತೆರೆಯುತ್ತೆ. ಆ ನಡುವಿನ ಅರ್ಧ ನಿಮಿಷ ಬಸ್ಸಿನಲ್ಲಿ ಎಲ್ಲರೂ ತಾವಾಗಿಯೇ ಸುಮ್ಮನಾಗುತ್ತಾರೆ.

ಕುಣಿಯದ ಕರಡಿಗಳು

ಇಲ್ಲಿನ ಕರಡಿಗಳನ್ನು ನೋಡಿ ‘ಎಷ್ಟು ಮುದ್ದಾಗಿದೆ’ ಅನ್ನುವ ಮುಂಚೆ ಅವುಗಳ ಕಥೆ ಗೊತ್ತಿರಲಿ. ನಮ್ಮ ಅಪ್ಪ ಅಮ್ಮಂದಿರು ಚಿಕ್ಕವರಿದ್ದಾಗ ಬೀದಿಗೆ ಕರಡಿ ಆಡಿಸುವವರು ಬರುತ್ತಿದ್ದರು. ಕರಡಿ ಕೂದಲಿನ ತಾಯಿತ ಕಟ್ಟಿದರೆ ಮಕ್ಕಳಿಗೆ ಭಯ ಹೋಗುತ್ತೆ ಅಂತ ನಂಬಿಕೆ. ಆದರೆ ಆ ಕುಣಿತದ ಹಿಂದೆ ಮೂತಿಗೆ ತೂತು ಕೊರೆದು ಹಗ್ಗ ಪೋಣಿಸುವ, ಹಲ್ಲು ಮುರಿಯುವ ಕ್ರೌರ್ಯ ಇತ್ತು. ಹಗ್ಗ ಎಳೆದಾಗ ಆಗುವ ನೋವಿಗೆ ಕರಡಿ ಹಿಂಗಾಲ ಮೇಲೆ ಏಳುತ್ತಿತ್ತು, ನಾವು ಅದನ್ನು ಡ್ಯಾನ್ಸ್ ಅಂದುಕೊಂಡೆವು.

ಕಲಂದರ್ ಸಮುದಾಯದವರಿಗೆ ಬೇರೆ ಜೀವನೋಪಾಯ ಒದಗಿಸಿ ಅವರಿಂದ ಕರಡಿಗಳನ್ನು ಬಿಡಿಸಿಕೊಳ್ಳುವ ಕೆಲಸ ವರ್ಷಗಟ್ಟಲೆ ನಡೆಯಿತು. ಬನ್ನೇರುಘಟ್ಟದಲ್ಲಿ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ನಡೆಸುವ ಕರಡಿ ರಕ್ಷಣಾ ಕೇಂದ್ರ ಇದೆ. 2009ರ ಡಿಸೆಂಬರ್‌ನಲ್ಲಿ ದೇಶದ ಕೊನೆಯ ಕುಣಿಯುವ ಕರಡಿ ಅಂತ ಗುರುತಿಸಲಾದ ‘ರಾಜು’ ಬಂದು ಸೇರಿದ್ದೂ ಇಲ್ಲಿಗೇ. ಶತಮಾನಗಳ ಒಂದು ಪದ್ಧತಿ ಮುಗಿದದ್ದು ನಮ್ಮೂರ ಪಕ್ಕದಲ್ಲಿ. ಆದರೆ ಎಷ್ಟು ಜನ ಬೆಂಗಳೂರಿನವರಿಗೆ ಇದು ಗೊತ್ತು?

ಸಿಂಹ ಯಾಕೆ ಬರೀ ಮಲಗಿರುತ್ತೆ?

ಪ್ರತಿ ಟ್ರಿಪ್ಪಿನಲ್ಲೂ ಒಂದು ಮಗುವಾದರೂ ಈ ಪ್ರಶ್ನೆ ಕೇಳೇ ಕೇಳುತ್ತೆ. ಉತ್ತರ ಸರಳ: ಸಿಂಹಗಳು ಕಾಡಿನಲ್ಲೂ ದಿನದ ಹೆಚ್ಚಿನ ಹೊತ್ತು ಮಲಗೇ ಇರುತ್ತವೆ. ಶಕ್ತಿ ಉಳಿಸುವುದು ಬೇಟೆಗಾರನ ಮೊದಲ ಪಾಠ. ಸೋಮವಾರದಿಂದ ಶುಕ್ರವಾರದ ತನಕ ದುಡಿದು ಭಾನುವಾರ ಸೋಫಾ ಬಿಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿನ ಸಿಂಹಗಳ ಹಿಂದೆಯೂ ಒಂದು ಕಥೆ ಇದೆ. 1998ರಲ್ಲಿ ಕೇಂದ್ರ ಸರ್ಕಾರ ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳನ್ನು ಪ್ರದರ್ಶನಕ್ಕೆ ಪಳಗಿಸುವುದನ್ನು ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆಗ ಸರ್ಕಸ್ಸಿನಿಂದ ಹೊರಬಂದ ಪ್ರಾಣಿಗಳಿಗೆ ದೇಶದಲ್ಲಿ ಕೆಲವು ಕಡೆ ಆಶ್ರಯ ಕೇಂದ್ರಗಳಾದವು, ಬನ್ನೇರುಘಟ್ಟ ಅದರಲ್ಲೊಂದು. ಸರ್ಕಸ್ ಸಿಂಹಗಳಲ್ಲಿ ಆಫ್ರಿಕಾ ಮತ್ತು ಏಷ್ಯಾ ತಳಿಗಳು ಬೆರೆತವೇ ಹೆಚ್ಚು. ಅವನ್ನು ಗುಜರಾತಿನ ಗಿರ್ ಕಾಡಿಗೆ ಬಿಡುವಂತಿಲ್ಲ, ಮರಿ ಮಾಡಿಸುವಂತೆಯೂ ಇಲ್ಲ. ನೆಮ್ಮದಿಯಾಗಿ ಮುಪ್ಪು ಕಳೆಯುವುದಷ್ಟೇ ಅವುಗಳ ಪಾಲಿಗೆ ಉಳಿದದ್ದು.

ಬಿಳಿ ಹುಲಿ ಕಂಡ ತಕ್ಷಣ ಬಸ್ಸೇ ಒಂದು ಕಡೆಗೆ ವಾಲುತ್ತೆ. ಇದು ಬೇರೆ ಜಾತಿಯಲ್ಲ, ವಂಶವಾಹಿಯ ಒಂದು ಅಪರೂಪದ ಆಟ. 1951ರಲ್ಲಿ ರೀವಾ ಕಾಡಿನಲ್ಲಿ ಹಿಡಿದ ‘ಮೋಹನ್’ ಎಂಬ ಮರಿಯಿಂದ ಮೃಗಾಲಯಗಳ ಬಿಳಿ ಹುಲಿಗಳ ವಂಶ ಬೆಳೆಯಿತು. ಬಣ್ಣ ಉಳಿಸಲು ಹತ್ತಿರದ ರಕ್ತಸಂಬಂಧದಲ್ಲೇ ಮರಿ ಮಾಡಿಸಿದ್ದರಿಂದ ಎಷ್ಟೋ ಮರಿಗಳಿಗೆ ಮೆಳ್ಳಗಣ್ಣು ಮತ್ತಿತರ ತೊಂದರೆಗಳು ಅಂಟಿಕೊಂಡವು. ಫೋಟೋಗೆ ಚಂದ ಕಾಣುವುದೆಲ್ಲ ಪ್ರಾಣಿಗೆ ಒಳ್ಳೆಯದಾಗಿರಬೇಕು ಅಂತೇನಿಲ್ಲ.

ಚಿರತೆ, ಕಿಟಕಿ ಮತ್ತು ನಮ್ಮ ಫೋನು

2024ರ ಜೂನ್‌ನಲ್ಲಿ ಇಲ್ಲಿ ಚಿರತೆ ಸಫಾರಿ ಶುರುವಾಯಿತು, ಸುಮಾರು 20 ಹೆಕ್ಟೇರ್ ಜಾಗದಲ್ಲಿ. ಮರ ಹತ್ತುವ, ಗೋಡೆ ಹಾರುವ, ಇದ್ದರೂ ಕಾಣದಂತಿರುವ ಪ್ರಾಣಿ ಇದು. 2025ರಲ್ಲಿ ಎರಡು ಸಲ ಚಿರತೆ ಸಫಾರಿ ವಾಹನದ ಕಿಟಕಿಗೆ ಎಗರಿತು. ಆಗಸ್ಟ್‌ನಲ್ಲಿ ಒಬ್ಬ ಹುಡುಗನಿಗೆ, ನವೆಂಬರ್‌ನಲ್ಲಿ ಒಬ್ಬ ಮಹಿಳೆಗೆ ಗಾಯವಾಯಿತು. ವಾಹನ, ಜಾಲರಿ, ಕಿಟಕಿಯ ಸಂದುಗಳನ್ನು ಬಿಗಿ ಮಾಡುವುದು ಪಾರ್ಕಿನವರ ಕೆಲಸ. ನಮ್ಮ ಕೆಲಸವೂ ಒಂದಿದೆ: ಕಿಟಕಿಯಿಂದ ಕೈ ಹೊರಗೆ ಹಾಕದಿರುವುದು, ಬಡಿದು ಕರೆಯದಿರುವುದು, ಹತ್ತಿರದ ಶಾಟ್ ಸಿಗಲಿ ಅಂತ ಡ್ರೈವರನ್ನು ಪೀಡಿಸದಿರುವುದು. ಸಫಾರಿಗೆ ಬಿಟ್ಟ ಚಿರತೆಯೂ ಚಿರತೆಯೇ.

ಬೆಂಗಳೂರಿಗೆ ಚಿರತೆ ಹೊಸ ನೆಂಟನೂ ಅಲ್ಲ. 2016ರ ಫೆಬ್ರವರಿಯಲ್ಲಿ ವೈಟ್‌ಫೀಲ್ಡ್ ಕಡೆಯ ಒಂದು ಶಾಲೆಗೆ ಚಿರತೆ ನುಗ್ಗಿತ್ತು, ಹಿಡಿಯುವಾಗ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಗಾಯಗೊಂಡರು. ಹಿಡಿದು ತಂದದ್ದು ಬನ್ನೇರುಘಟ್ಟಕ್ಕೇ. ಕೆಲವೇ ದಿನಗಳಲ್ಲಿ ಅದು ಅಲ್ಲಿಂದಲೂ ತಪ್ಪಿಸಿಕೊಂಡಿತು. 2023ರ ಕೊನೆಗೆ ಕೂಡ್ಲು ಗೇಟ್ ಬಳಿ ಅಪಾರ್ಟ್‌ಮೆಂಟ್ ಸುತ್ತ ಓಡಾಡಿದ ಚಿರತೆಗೆ ಆ ಅದೃಷ್ಟ ಇರಲಿಲ್ಲ. ಹಿಡಿಯುವ ಕಾರ್ಯಾಚರಣೆಯಲ್ಲಿ ಗುಂಡು ತಗುಲಿ ಸತ್ತುಹೋಯಿತು. ಸಿಸಿಟಿವಿಯಲ್ಲಿ ಅದರ ಓಡಾಟ ನೋಡಿ ಶೇರ್ ಮಾಡಿದವರು ನಾವೇ ಅಲ್ವಾ?

ಬಸ್ಸು ಹೋಗದ ಕಡೆ

ಆನೆಗಳಿಗೆ ನಮ್ಮ ನಕ್ಷೆ ಗೊತ್ತಿಲ್ಲ. ರಾಗಿ ತೆನೆ ತುಂಬುವ ಹೊತ್ತಿಗೆ ಕಾಡಂಚಿನ ಹೊಲಗಳಿಗೆ ಅವು ಇಳಿಯುತ್ತವೆ. ರೈತರು ಚಳಿಯಲ್ಲಿ ರಾತ್ರಿಯಿಡೀ ಅಟ್ಟಣೆ ಮೇಲೆ ಕಾಯುತ್ತಾರೆ. ಬನ್ನೇರುಘಟ್ಟದ ಕಾಡು ಕೆಲವು ಕಡೆ ತುಂಬಾ ಕಿರಿದು. ಕರಡಿಕಲ್–ಮಾದೇಶ್ವರ ಆನೆ ದಾರಿಯಂಥ ಇಕ್ಕಟ್ಟಿನ ಜಾಗ ಮುಚ್ಚಿಹೋದರೆ ಮೇಲಿನ ಕಾಡಿಗೂ ಕೆಳಗಿನ ಕಾಡಿಗೂ ಸಂಬಂಧವೇ ಕಡಿದುಹೋಗುತ್ತೆ.

ಈ ಕಾಡಿನ ಸುತ್ತ ‘ಪರಿಸರ ಸೂಕ್ಷ್ಮ ವಲಯ’ ಅಂತ ಒಂದು ರಕ್ಷಣಾ ಪಟ್ಟಿ ಇದೆ. 2016ರ ಕರಡಿನಲ್ಲಿ ಅದು 268.96 ಚದರ ಕಿಲೋಮೀಟರ್ ಇತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ಸುಮಾರು 100 ಚದರ ಕಿಲೋಮೀಟರ್ ಕಾಗದದ ಮೇಲೆ ಕರಗಿತು. ಕೆಲವು ಕಡೆ ಈ ಪಟ್ಟಿಯ ಅಗಲ ಬರೀ 100 ಮೀಟರ್. ನಮ್ಮ ಮೆಟ್ರೋ ಪ್ಲಾಟ್‌ಫಾರ್ಮ್ ಅದಕ್ಕಿಂತ ಉದ್ದ ಇದೆ!

ಇದು ಯಾರದೋ ಸಮಸ್ಯೆ ಅಲ್ಲ. ಇಪ್ಪತ್ತೈದು, ಮೂವತ್ತೈದರ ನಾವೇ ಈಗ ಸಾಲ ಮಾಡಿ ಸೈಟು, ಫ್ಲ್ಯಾಟು ನೋಡುತ್ತಿರುವವರು. ‘ಬಾಲ್ಕನಿಯಿಂದ ಕಾಡು ಕಾಣುತ್ತೆ’ ಅಂತ ಜಾಹೀರಾತು ಬಂದಾಗ ಪಾರ್ಕಿಂಗ್, ಕಾವೇರಿ ನೀರು, ಖಾತಾ ಎಲ್ಲ ವಿಚಾರಿಸುತ್ತೇವೆ. ಅದರ ಜತೆಗೆ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಬಹುದು: ಈ ಜಾಗ ಸೂಕ್ಷ್ಮ ವಲಯದ ಒಳಗಿದೆಯಾ, ಆನೆ ದಾರಿಯಲ್ಲಿದೆಯಾ?

ಹೋಗುವವರಿಗೆ ನಾಲ್ಕು ಮಾತು

ಮಂಗಳವಾರ ರಜೆ. ಸಾಧ್ಯವಾದರೆ ವಾರದ ದಿನ ರಜೆ ಹಾಕಿ ಹೋಗಿ, ಟಿಕೆಟ್ ಆನ್‌ಲೈನಲ್ಲಿ ಮೊದಲೇ ಮಾಡಿಸಿ. ಬೆಳಗಿನ ಟ್ರಿಪ್ ಒಳ್ಳೆಯದು, ಬಿಸಿಲೇರಿದ ಮೇಲೆ ಪ್ರಾಣಿಗಳು ನೆರಳು ಹುಡುಕುತ್ತವೆ. ಸಫಾರಿ ಆದ ಕೂಡಲೇ ಓಡಿಬರದೆ ಚಿಟ್ಟೆ ಪಾರ್ಕ್ ನೋಡಿ. 2006ರಲ್ಲಿ ಶುರುವಾದ ಅದು ಈಗಲೂ ಮಕ್ಕಳಿಗಿಂತ ದೊಡ್ಡವರನ್ನೇ ಹೆಚ್ಚು ಹೊತ್ತು ನಿಲ್ಲಿಸುತ್ತೆ. ಹುಟ್ಟುಹಬ್ಬಕ್ಕೆ ಕೇಕಿನ ಜತೆ ಬೇರೇನಾದರೂ ಮಾಡಬೇಕು ಅನಿಸಿದರೆ ಪ್ರಾಣಿ ದತ್ತು ಯೋಜನೆ ಇದೆ. ಹುಲಿಯೇ ಆಗಬೇಕೆಂದಿಲ್ಲ, ಸಣ್ಣ ಹಕ್ಕಿಗೂ ಒಬ್ಬರು ಬೇಕು.

ವಾಪಸ್ ಬರುವಾಗ 365ರಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಬಲಕ್ಕೂ ಎಡಕ್ಕೂ ನೋಡುತ್ತಾ ಬನ್ನಿ. ಎಲ್ಲಿ ಮರ ನಿಂತು ಎಲ್ಲಿ ಕಾಂಪೌಂಡ್ ಶುರುವಾಯಿತು ಅಂತ ಗುರುತು ಹಾಕಿಕೊಳ್ಳಿ. ಮುಂದಿನ ಸಲ ಹೋದಾಗ ಆ ಗುರುತು ಅಲ್ಲೇ ಇದೆಯೋ, ಇನ್ನೊಂದಿಷ್ಟು ಕಾಡಿನ ಕಡೆಗೆ ಸರಿದಿದೆಯೋ ನೋಡಿ ನಮಗೂ ಬರೆಯಿರಿ.